ಮೊದಲು ನೀರನ್ನು ಶಂಕಿಸಿ: ಚೀನೀ ಮತ್ತು ಜಪಾನಿ ಮನೆಯಡುಗೆಯ ದೋಷ ನಿವಾರಣೆ

ಚೀನೀ ಅಥವಾ ಜಪಾನಿ ಮನೆಯಡುಗೆ ಹದ ತಪ್ಪಿದಾಗ ನಮ್ಮಲ್ಲಿ ಬಹುತೇಕರ ಕೈ ಮೊದಲು ಹೋಗುವುದು ಸೋಯಾ ಸಾಸಿನ ಬಾಟಲಿಗೆ. ಅನ್ನ ಸಪ್ಪೆ ಎನಿಸಿದರೆ ಇನ್ನೊಂದು ಚಮಚ ಸಾಸ್, ಸೂಪು ಸಪ್ಪೆ ಎನಿಸಿದರೆ ಇನ್ನಷ್ಟು ಮಿಸೊ (ಹುದುಗಿಸಿದ ಸೋಯಾ ಕಾಳಿನ ಉಪ್ಪು ಮುದ್ದೆ), ರಸ ನೀರಾದರೆ ಇನ್ನಷ್ಟು ಕಾರ್ನ್‌ಫ್ಲೋರ್ ಬೀಳುತ್ತದೆ, ಮತ್ತು ಪ್ರತಿ ಬಾರಿಯೂ ಮೂಲದೋಷ ಹಾಗೆಯೇ ಉಳಿದು ಅದರ ಮೇಲೆ ಉಪ್ಪು ಹೆಚ್ಚಾದ ಇನ್ನೊಂದು ದೋಷ ಸೇರಿಕೊಳ್ಳುತ್ತದೆ. ಈ ಅಡುಗೆಗಳಲ್ಲಿ ನಾಲಿಗೆಗೆ ರುಚಿಯ ಕೊರತೆಯಾಗಿ ಕಾಣುವುದರಲ್ಲಿ ಬಹುಪಾಲು ನೀರಿನಿಂದ ಬಂದದ್ದಾಗಿರುತ್ತದೆ: ಅಗುಳಿನ ಮೇಲೆ ಉಳಿದ ತೇವ, ಮೊಟ್ಟೆಗೆ ಬೆರೆಸಿದ ನೀರಿನ ಅಳತೆ, ತೋಫು (ಸೋಯಾ ಹಾಲಿನ ಪನೀರು) ಬಿಟ್ಟುಕೊಂಡ ನೀರು, ಸೂಪಿಗೆ ಬಳಸಿದ ನೀರಿನ ಗಡಸುತನ. ಆದ್ದರಿಂದ ಈ ಕೈಪಿಡಿಯಲ್ಲಿ ಪರೀಕ್ಷೆಯ ಕ್ರಮ ಒಂದೇ. ಮೊದಲು ನೀರನ್ನು ನೋಡಬೇಕು, ಆಮೇಲೆ ಉರಿಯನ್ನು ನೋಡಬೇಕು, ಉಪ್ಪು ಮತ್ತು ಸಾಸನ್ನು ಕೊನೆಗೆ ಮುಟ್ಟಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಅಡುಗೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಎಗ್ ಫ್ರೈಡ್ ರೈಸ್ ಮುದ್ದೆಯಾಗುತ್ತದೆ

ಬಾಣಲೆಗೆ ಹಾಕುವ ಮೊದಲೇ ಅನ್ನದ ಒಂದು ಅಗುಳನ್ನು ಬೆರಳುಗಳ ನಡುವೆ ಒತ್ತಿ ನೋಡಬೇಕು. ಅದು ಹಿಟ್ಟಿನಂತೆ ಸವರಿಕೊಂಡರೆ ನೀರು ಹೆಚ್ಚಾಗಿದೆ. ಎರಡು ಮೂರು ತುಂಡಾಗಿ ಮುರಿದು, ಬೆರಳಿಗೆ ಅಂಟದೆ ಬಿಟ್ಟುಕೊಂಡರೆ ಅನ್ನ ಸರಿಯಾಗಿದೆ, ದೋಷವನ್ನು ಉರಿಯಲ್ಲಿ ಹುಡುಕಬೇಕು. ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬಾರದು, ಏಕೆಂದರೆ ಒದ್ದೆ ಅನ್ನ ಮತ್ತು ತಣ್ಣಗಿನ ಬಾಣಲೆ ಎರಡೂ ಕೊನೆಯಲ್ಲಿ ಒಂದೇ ಬಗೆಯ ಮುದ್ದೆಯನ್ನು ಕೊಡುತ್ತವೆ.

ಅನ್ನವೇ ಒದ್ದೆಯಾಗಿದ್ದರೆ ಹಿಂದಿನ ದಿನ ಬೇಯಿಸಿ ಫ್ರಿಜ್ಜಿನಲ್ಲಿಟ್ಟ ಅನ್ನವನ್ನು ಬಳಸುವುದು ಹಳೆಯ ಪರಿಹಾರ. ತಣ್ಣಗಾದ ಅನ್ನದಲ್ಲಿ ಪಿಷ್ಟ ಮತ್ತೆ ಬಿಗಿದುಕೊಳ್ಳುತ್ತದೆ ಮತ್ತು ಅಗುಳಿನ ಮೇಲ್ಮೈ ಒಣಗುತ್ತದೆ. ಆದರೆ ಹಳೆಯ ಅನ್ನವೇ ಆಗಬೇಕೆಂಬ ನಿಯಮವೇನೂ ಇಲ್ಲ. ಆಗತಾನೆ ಬೇಯಿಸಿದ ಅನ್ನವನ್ನು, ವಾಡಿಕೆಗಿಂತ ತುಸು ಕಡಿಮೆ ನೀರಿಟ್ಟು ಬೇಯಿಸಿ, ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಫ್ಯಾನಿನ ಕೆಳಗೆ ಹಬೆ ಆರುವವರೆಗೆ ಬಿಟ್ಟರೆ ಅದೂ ಉದುರುದುರಾಗಿಯೇ ಹುರಿಯುತ್ತದೆ. ಪ್ರೆಶರ್ ಕುಕ್ಕರಿನಲ್ಲಿ ಸಾರನ್ನಕ್ಕೆ ಒಗ್ಗುವಂತೆ ಮೆತ್ತಗೆ ಬೇಯಿಸಿದ ಸೋನಾ ಮಸೂರಿಗೆ ಮಾತ್ರ ಎರಡು ರಾತ್ರಿ ಫ್ರಿಜ್ಜಿನಲ್ಲಿಟ್ಟರೂ ಆ ಗುಣ ಬರುವುದಿಲ್ಲ. ಫ್ರಿಜ್ಜಿನಿಂದ ತೆಗೆದ ಅನ್ನದ ಹೆಂಟೆಗಳನ್ನು ಕೈ ಒದ್ದೆ ಮಾಡಿಕೊಂಡು ಬಾಣಲೆಯ ಹೊರಗೇ ಬಿಡಿಸಬೇಕು. ಒಳಗೆ ಹಾಕಿದ ಮೇಲೆ ಸೌಟಿನಿಂದ ಒತ್ತಿ ಒಡೆಯಲು ಹೋದರೆ ಅಗುಳು ಒಡೆದು ಗಂಜಿ ಹೊರಬರುತ್ತದೆ, ಅಲ್ಲಿಂದ ಮುಂದೆ ಅನ್ನ ಅಂಟುತ್ತಲೇ ಹೋಗುತ್ತದೆ.

ಅನ್ನ ಸರಿಯಿದ್ದೂ ಮುದ್ದೆಯಾದರೆ ಕಿವಿಗೊಟ್ಟು ಕೇಳಬೇಕು. ಅನ್ನ ಬಿದ್ದ ಕ್ಷಣ ಚುಂಯ್ ಎಂದ ಸದ್ದು ಅರ್ಧ ನಿಮಿಷದೊಳಗೆ ಅಡಗಿಹೋದರೆ ಬಾಣಲೆಯ ಶಾಖ ಅನ್ನದ ಪ್ರಮಾಣಕ್ಕೆ ಸಾಲದಾಗಿದೆ ಮತ್ತು ಅನ್ನ ತನ್ನದೇ ಹಬೆಯಲ್ಲಿ ಮತ್ತೊಮ್ಮೆ ಬೇಯುತ್ತಿದೆ ಎಂದರ್ಥ. ಹೋಟೆಲಿನ ಒಲೆಯ ಶಾಖ ಮನೆಯ ಒಲೆಯ ಶಾಖಕ್ಕಿಂತ ಹಲವು ಪಟ್ಟು ಹೆಚ್ಚು, ಆ ಕೊರತೆಯನ್ನು ನಾವು ತುಂಬಲಾರೆವು, ಪ್ರಮಾಣವನ್ನು ಇಳಿಸಬಲ್ಲೆವು. ಒಮ್ಮೆಗೆ ಇಬ್ಬರಿಗೆ ಸಾಕಾಗುವಷ್ಟನ್ನು ಮಾತ್ರ ಹುರಿದು, ನಾಲ್ವರಿದ್ದರೆ ಎರಡು ಸಲ ಮಾಡುವುದು ಸರಿ. ಮೊಟ್ಟೆಯನ್ನು ಮೊದಲು ಹಾಕಿ, ಅರೆ ಗಟ್ಟಿಯಾದೊಡನೆ ಅನ್ನವನ್ನು ಸೇರಿಸಬೇಕು. ಅನ್ನದ ಮೇಲೆ ಹಸಿ ಮೊಟ್ಟೆ ಸುರಿದರೆ ಮತ್ತೆ ನೀರನ್ನೇ ಸುರಿದಂತಾಗುತ್ತದೆ.

ಬಣ್ಣ ಸಾಲದೆನ್ನುವುದು ದೋಷವೇ ಅಲ್ಲದಿರಬಹುದು. ಚೀನೀ ಮನೆಗಳ ಮೊಟ್ಟೆ ಅನ್ನ ಬಹುಮಟ್ಟಿಗೆ ಬೆಳ್ಳಗೆ, ಹಳದಿ ಚುಕ್ಕೆಗಳೊಂದಿಗೆ ಇರುತ್ತದೆ. ನಮ್ಮ ಬೀದಿಗಾಡಿಗಳ ಕಂದು ಬಣ್ಣದ, ವಿನೆಗರ್ ಹಾಕಿದ ಫ್ರೈಡ್ ರೈಸ್ ಕೋಲ್ಕತ್ತದ ಚೀನೀ ಸಮುದಾಯದ ಅಡುಗೆಯಿಂದ ಕವಲೊಡೆದು ಭಾರತದಲ್ಲಿ ಬೆಳೆದ ಬೇರೆಯೇ ಅಡುಗೆ. ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ಇದಕ್ಕೆ ಸಾಸ್ ಸುರಿದರೆ ನಷ್ಟವೇ. ಉಪ್ಪನ್ನು ಉಪ್ಪಿನಿಂದಲೇ ಕೊಟ್ಟು, ಇಬ್ಬರ ಅನ್ನಕ್ಕೆ ಒಂದೆರಡು ಟೀ ಚಮಚ ಸೋಯಾ ಸಾಸನ್ನು ಬಾಣಲೆಯ ಕಾದ ಅಂಚಿಗೆ ಬಿಟ್ಟರೆ ಅದರ ನೀರು ಅಲ್ಲೇ ಆರಿ ಪರಿಮಳ ಮಾತ್ರ ಅನ್ನಕ್ಕೆ ಸೇರುತ್ತದೆ.

ಟೊಮೆಟೊ ಮೊಟ್ಟೆ ನೀರುನೀರಾಗುತ್ತದೆ

ಚೀನಾದಲ್ಲಿ ಅಡುಗೆ ಕಲಿಯುವ ಮಕ್ಕಳು ಮೊದಲು ಮಾಡುವ ಪದಾರ್ಥಗಳಲ್ಲಿ ಇದೂ ಒಂದು. ತಟ್ಟೆಯ ಅಂಚಿನಲ್ಲಿ ನಿಂತ ನೀರಿನ ಬಣ್ಣವನ್ನು ನೋಡಿದರೆ ಕಾರಣ ತಿಳಿಯುತ್ತದೆ. ನೀರು ಕೆಂಪಗಿದ್ದರೆ ಟೊಮೆಟೊ ಸಾಕಷ್ಟು ಬಾಡುವ ಮೊದಲೇ ಮೊಟ್ಟೆ ಸೇರಿದೆ. ತಿಳಿಹಳದಿಯಾಗಿದ್ದು ಮೊಟ್ಟೆ ತುಣುಕುಗಳು ಒರಟಾಗಿದ್ದರೆ ಮೊಟ್ಟೆ ಅತಿಯಾಗಿ ಬೆಂದು ತನ್ನ ನೀರನ್ನು ಹಿಂಡಿ ಹೊರಹಾಕಿದೆ. ಎರಡಕ್ಕೂ ಉತ್ತರ ಒಂದೇ: ಮೊಟ್ಟೆಯನ್ನು ಮೊದಲು ದೊಡ್ಡ ಉರಿಯಲ್ಲಿ, ಹೆಚ್ಚು ಎಣ್ಣೆಯಲ್ಲಿ, ಮುಕ್ಕಾಲು ಬೇಯಿಸಿ ತೆಗೆದಿಡುವುದು, ಟೊಮೆಟೊವನ್ನು ಉಪ್ಪು ಹಾಕಿ ಗೊಜ್ಜಿನ ಹದಕ್ಕೆ ತರುವುದು, ಕೊನೆಯಲ್ಲಿ ಎರಡನ್ನೂ ಸೇರಿಸಿ ಅರ್ಧ ನಿಮಿಷದಲ್ಲಿ ಇಳಿಸುವುದು. ನಾಟಿ ಟೊಮೆಟೊದಲ್ಲಿ ಹುಳಿಯೂ ರಸವೂ ಹೆಚ್ಚಾದ್ದರಿಂದ ಬಾಡಿಸಲು ಹೆಚ್ಚು ಸಮಯ ಬೇಕು, ಸಕ್ಕರೆಯೂ ಬೇಕು. ಸಕ್ಕರೆ ಹಾಕಬೇಕೇ ಬೇಡವೇ ಎಂಬ ಜಗಳ ಚೀನೀ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ನಾಟಿ ಟೊಮೆಟೊ ಬಳಸುವವರು ಆ ಜಗಳದಲ್ಲಿ ಸಕ್ಕರೆಯ ಪಕ್ಷ ವಹಿಸುವುದೇ ಕ್ಷೇಮ.

ಹಬೆಯ ಮೊಟ್ಟೆಯಲ್ಲಿ ರಂಧ್ರಗಳು, ಮೇಲೆ ನೀರು

ಚೀನಾದ ಹಬೆಮೊಟ್ಟೆ ಮತ್ತು ಜಪಾನಿನ ಚವಾನ್‌ಮುಶಿ ಒಂದೇ ತತ್ವದ ಮೇಲೆ ನಿಂತಿವೆ: ಮೊಟ್ಟೆಯನ್ನು ಅದಕ್ಕಿಂತ ಹೆಚ್ಚು ನೀರಿನೊಡನೆ ಕಲಸಿ, ಆ ನೀರನ್ನೆಲ್ಲ ಮೊಟ್ಟೆಯ ಪ್ರೋಟೀನಿನ ಬಲೆಯಲ್ಲಿ ಹಿಡಿದು ನಿಲ್ಲಿಸುವುದು. ಒಂದು ಪಾಲು ಮೊಟ್ಟೆಗೆ ಚೀನೀ ಬಗೆಯಲ್ಲಿ ಒಂದೂವರೆಯಿಂದ ಎರಡು ಪಾಲು ನೀರು, ಜಪಾನಿ ಬಗೆಯಲ್ಲಿ ಸುಮಾರು ಮೂರು ಪಾಲು ದಾಶಿ, ಅಂದರೆ ಒಣ ಕಡಲಪಾಚಿ, ಒಣ ಮೀನು ಮೊದಲಾದವುಗಳ ಸತ್ವ ಇಳಿಸಿದ ತಿಳಿಸಾರು. ಇದು ಮಕ್ಕಳಿಗೂ ಹಿರಿಯರಿಗೂ ಒಗ್ಗುವ ಅಡುಗೆಯಾದ್ದರಿಂದ ಇದರ ದೋಷಗಳನ್ನು ವಿವರವಾಗಿ ನೋಡುವುದು ಉಚಿತ.

ಚಮಚದಿಂದ ಕತ್ತರಿಸಿ ಒಳಮೈ ನೋಡಬೇಕು. ಒಳಗೆಲ್ಲ, ವಿಶೇಷವಾಗಿ ಬಟ್ಟಲಿನ ಗೋಡೆಯ ಬಳಿ, ಜೇನುಗೂಡಿನಂಥ ರಂಧ್ರಗಳಿದ್ದರೆ ಉರಿ ಅತಿಯಾಗಿತ್ತು. ಈ ಮಿಶ್ರಣ ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಅದನ್ನು ಬಹಳ ಮೀರಿದರೆ ಪ್ರೋಟೀನ್ ಬಿಗಿದು, ಹಿಡಿದ ನೀರನ್ನು ಬಿಟ್ಟುಕೊಡುತ್ತದೆ. ರಂಧ್ರಗಳು ಮೇಲ್ಪದರದಲ್ಲಿ ಮಾತ್ರ ಇದ್ದು ಒಳಮೈ ನುಣುಪಾಗಿದ್ದರೆ ಅದು ಕಲಸುವಾಗ ಎದ್ದ ನೊರೆ, ಜಾಲರಿಯಲ್ಲಿ ಸೋಸಿ ಮೇಲಿನ ಗುಳ್ಳೆಗಳನ್ನು ಚಮಚದಿಂದ ತೆಗೆದರೆ ಸಾಕು. ಮೇಲೆ ನೀರು ನಿಂತು ಕೆಳಗೆ ನುಣುಪಾಗಿದ್ದರೆ ಮುಚ್ಚಳದಿಂದ ಹನಿ ಬಿದ್ದಿದೆ. ಬಟ್ಟಲಿನ ಮೇಲೆ ಚಿಕ್ಕ ತಟ್ಟೆ ಮುಚ್ಚಬೇಕು. ಇನ್ನು ಗಟ್ಟಿಯೇ ಆಗದಿದ್ದರೆ ಮೊದಲು ಅಳತೆಯನ್ನೂ, ಆಮೇಲೆ ಉಪ್ಪನ್ನೂ ಶಂಕಿಸಬೇಕು, ಏಕೆಂದರೆ ಬರೀ ನೀರಿನಲ್ಲಿ ಕಲಸಿದ ಮೊಟ್ಟೆ ಸರಿಯಾಗಿ ಹೆಪ್ಪುಗಟ್ಟಲು ಅದರಲ್ಲಿ ಸ್ವಲ್ಪವಾದರೂ ಲವಣ ಕರಗಿರಬೇಕು. ಹೊರದೇಶದಲ್ಲಿದ್ದು ಮೈತಾಕೆ ಅಣಬೆ ಸಿಗುವ ಊರಿನವರಿಗೆ ಮೂರನೆಯ ಕಾರಣವೊಂದಿದೆ: ಹಸಿ ಮೈತಾಕೆಯಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದ್ದು, ಅದನ್ನು ಹಸಿಯಾಗಿಯೇ ಹಾಕಿದ ಚವಾನ್‌ಮುಶಿ ಎಷ್ಟು ಹೊತ್ತು ಬೇಯಿಸಿದರೂ ನೀರಾಗಿಯೇ ಉಳಿಯುತ್ತದೆ. ಆ ಅಣಬೆಯನ್ನು ಮೊದಲೇ ಕುದಿಸಿ ಹಾಕಿದರೆ ತೊಂದರೆಯಿಲ್ಲ.

ನಮ್ಮ ಇಡ್ಲಿ ಪಾತ್ರೆ ಈ ಅಡುಗೆಗೆ ಚೆನ್ನಾಗಿಯೇ ಹೊಂದುತ್ತದೆ, ಇಡ್ಲಿಯ ಅಭ್ಯಾಸ ಮಾತ್ರ ಹೊಂದುವುದಿಲ್ಲ. ಇಡ್ಲಿಗೆ ಭರಭರನೆ ಹಬೆ ಬೇಕು, ಮುಚ್ಚಳ ಬಿಗಿಯಾಗಿರಬೇಕು. ಇಲ್ಲಿ ನೀರು ಕುದಿದ ಮೇಲೆ ಉರಿಯನ್ನು ತೀರ ಸಣ್ಣದಾಗಿಸಿ, ಮುಚ್ಚಳದ ಅಂಚಿಗೆ ಒಂದು ಚಮಚದ ಹಿಡಿಯನ್ನು ಸಿಕ್ಕಿಸಿ ಹಬೆಗೆ ದಾರಿ ಬಿಡಬೇಕು. ಚಿಕ್ಕ ಬಟ್ಟಲುಗಳಿಗೆ ಹತ್ತರಿಂದ ಹದಿನೈದು ನಿಮಿಷ ಸಾಕು. ಕಡ್ಡಿ ಚುಚ್ಚಿದಾಗ ತಿಳಿಯಾದ ರಸ ಬಂದರೆ ಬೆಂದಿದೆ, ಹಾಲಿನಂತೆ ಮಬ್ಬಾದ ರಸ ಬಂದರೆ ಇನ್ನೂ ಬೇಕು. ಮಿಶ್ರಣಕ್ಕೆ ಕುದಿಸಿ ಉಗುರುಬೆಚ್ಚಗಾಗಿಸಿದ ನೀರನ್ನು ಬಳಸಿದರೆ ಅದರಲ್ಲಿ ಕರಗಿದ್ದ ಗಾಳಿ ಹೋಗಿ ಗುಳ್ಳೆಗಳು ಇನ್ನಷ್ಟು ಕಡಿಮೆಯಾಗುತ್ತವೆ.

ಮಿಸೊ ಸೂಪು ಉಪ್ಪಾಗಿದೆ, ಆದರೂ ಸಪ್ಪೆ

ಈ ವಿಚಿತ್ರ ದೂರು ಬಹಳ ಸಾಮಾನ್ಯ, ಮತ್ತು ಇದರ ಕಾರಣ ಬಹುಪಾಲು ಮಿಸೊದಲ್ಲಿ ಇರುವುದಿಲ್ಲ. ಮಿಸೊ ಹಾಕುವ ಮುನ್ನ ಎರಡು ಚಮಚ ದಾಶಿಯನ್ನು ಬೇರೆ ತೆಗೆದು, ಅದಕ್ಕೆ ಒಂದೆರಡು ಹರಳು ಉಪ್ಪು ಹಾಕಿ ರುಚಿ ನೋಡಬೇಕು. ಅದು ಬರೀ ಉಪ್ಪುನೀರಿನಂತಿದ್ದರೆ ದಾಶಿ ದುರ್ಬಲ. ಅದಕ್ಕೆ ಎಷ್ಟು ಮಿಸೊ ಸುರಿದರೂ ಉಪ್ಪು ಏರುತ್ತದೆಯೇ ಹೊರತು ರುಚಿ ತುಂಬುವುದಿಲ್ಲ. ಉಪ್ಪು ಬಿದ್ದೊಡನೆ ನಾಲಿಗೆಯ ತುಂಬ ಹರಡುವ ರುಚಿ ಬಂದರೆ ದಾಶಿ ಸರಿಯಿದೆ, ಆಗ ಮಾತ್ರ ಮಿಸೊದ ಅಳತೆಯನ್ನು ನೋಡಬೇಕು. 200 ಮಿಲಿಲೀಟರಿನ ಬಟ್ಟಲಿಗೆ ಸುಮಾರು 15 ಗ್ರಾಂ ಸಾಮಾನ್ಯ ಅಳತೆ. ಕೆಂಪು ಮಿಸೊದಲ್ಲಿ ಉಪ್ಪು ಶೇಕಡ 12ರ ಆಸುಪಾಸಿನಲ್ಲಿರುತ್ತದೆ, ಕ್ಯೋಟೋ ಕಡೆಯ ಸಿಹಿಯಾದ ಬಿಳಿ ಮಿಸೊದಲ್ಲಿ ಅದರ ಅರ್ಧದಷ್ಟು. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದವರೂ ಇದೇ ದೂರು ಹೇಳುತ್ತಾರೆ.

ದಾಶಿಯ ರುಚಿಗೆ ರಾಸಾಯನಿಕ ಕಾರಣವನ್ನು ಟೋಕಿಯೊದ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬು ಎಂಬ ಒಣ ಕಡಲಪಾಚಿಯಿಂದ ಗ್ಲುಟಮೇಟನ್ನು ಬೇರ್ಪಡಿಸಿ ತೋರಿಸಿದರು. ಒಣ ಬೊನಿಟೊ ಮೀನಿನ ಎಸಳುಗಳಲ್ಲಿ ಇನೊಸಿನೇಟ್, ಒಣ ಶಿಟಾಕೆ ಅಣಬೆಯಲ್ಲಿ ಗ್ವಾನಿಲೇಟ್ ಇವೆ, ಮತ್ತು ಇವುಗಳಲ್ಲಿ ಯಾವುದಾದರೂ ಒಂದು ಗ್ಲುಟಮೇಟಿನ ಜೊತೆಗೂಡಿದಾಗ ರುಚಿ ಎರಡರ ಮೊತ್ತವನ್ನೂ ಮೀರಿ ಏರುತ್ತದೆ. ದೋಷ ಹುಡುಕುವವರಿಗೆ ಇದರಿಂದ ಸಿಗುವ ಸೂಚನೆ ಸ್ಪಷ್ಟ: ದಾಶಿ ಬಡವಾಗಿದ್ದರೆ ಅದೇ ಪದಾರ್ಥವನ್ನು ಇಮ್ಮಡಿಸುವುದಕ್ಕಿಂತ ಎರಡನೆಯದೊಂದನ್ನು ಸೇರಿಸುವುದು ಲೇಸು. ಸಸ್ಯಾಹಾರಿ ಮನೆಗಳಲ್ಲಿ ಕೊಂಬುವಿನ ಜೊತೆಗೆ ಒಣ ಶಿಟಾಕೆಯನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಸಿಟ್ಟು, ಆ ನೀರನ್ನೇ ಬಿಸಿಮಾಡಿ ಬಳಸಬಹುದು. ಅಂಗಡಿಯಲ್ಲಿ ಸಿಗುವ ದಾಶಿ ಪುಡಿಗಳಲ್ಲಿ ಹೆಚ್ಚಿನವು ಮೀನಿನವು ಮತ್ತು ಕೆಲವು ಮಿಸೊಗಳಲ್ಲಿ ದಾಶಿ ಮೊದಲೇ ಬೆರೆತಿರುತ್ತದೆ ಎಂಬುದನ್ನು ಸಸ್ಯಾಹಾರಿಗಳು ಪೊಟ್ಟಣದ ಹಿಂಬದಿಯಲ್ಲಿ ಓದಿಯೇ ಕೊಳ್ಳಬೇಕು.

ಅಳತೆ ಸರಿಯಿದ್ದೂ, ಅಂದರೆ ಲೀಟರಿಗೆ ಸುಮಾರು 10 ಗ್ರಾಂ ಕೊಂಬು ಹಾಕಿದ್ದೂ ದಾಶಿ ಏಳದಿದ್ದರೆ ನಲ್ಲಿಯ ನೀರನ್ನು ಶಂಕಿಸಬೇಕು. ಜಪಾನಿನ ನೀರು ಬಹುಮಟ್ಟಿಗೆ ಮೆದು. ಗಡಸು ನೀರಿನಲ್ಲಿ ಕೊಂಬುವಿನ ಸತ್ವ ಸರಿಯಾಗಿ ಇಳಿಯುವುದಿಲ್ಲ. ಬೆಂಗಳೂರಿನಲ್ಲಿ ಕೊಳವೆಬಾವಿಯ ನೀರನ್ನು ನೇರವಾಗಿ ಬಳಸುವವರೂ, ಗಡಸು ನೀರಿಗೆ ಹೆಸರಾದ ಲಂಡನ್ನಿನಲ್ಲಿರುವ ಕನ್ನಡಿಗರೂ ಒಮ್ಮೆ ಶೋಧಿಸಿದ ಆರ್‌ಓ ನೀರಿನಲ್ಲಿ ಅದೇ ಅಳತೆಯ ದಾಶಿ ಮಾಡಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ರುಚಿ ನೋಡಿದರೆ ಅನುಮಾನ ಬಗೆಹರಿಯುತ್ತದೆ.

ದಾಶಿ ಲೋಳೆಯಾಗಿ ಒಗರಾಗಿದ್ದರೆ ಕೊಂಬುವನ್ನು ಕುದಿಸಲಾಗಿದೆ. ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಪಾತ್ರೆಯ ತಳದಿಂದ ಚಿಕ್ಕ ಗುಳ್ಳೆಗಳು ಏಳುವಾಗಲೇ ಅದನ್ನು ತೆಗೆಯಬೇಕು. ಮೀನಿನ ವಾಸನೆ ಮುಂದಾಗಿದ್ದರೆ ಬೊನಿಟೊ ಎಸಳುಗಳು ಬಹಳ ಹೊತ್ತು ಕುದಿದಿವೆ, ಇಲ್ಲವೇ ಸೋಸುವಾಗ ಅವನ್ನು ಹಿಂಡಲಾಗಿದೆ. ಉರಿ ಆರಿಸಿ ಒಂದೆರಡು ನಿಮಿಷ ಬಿಟ್ಟು, ತಾನಾಗಿ ಸೋರಲು ಬಿಡುವುದು ಕ್ರಮ. ಮಿಸೊವನ್ನು ಒಲೆ ಆರಿಸಿದ ಮೇಲೆ ಸೌಟಿನಲ್ಲಿ ಕರಗಿಸಿಕೊಂಡು ಬೆರೆಸಬೇಕು. ಆಮೇಲೆ ಕುದಿಸಿದರೆ ಪರಿಮಳ ಹಾರಿಹೋಗುತ್ತದೆ, ಅದನ್ನು ಮರಳಿ ತರುವ ದಾರಿಯಿಲ್ಲ.

ಗಟ್ಟಿಯಾದ ಸಾಸ್ ಮತ್ತೆ ನೀರಾಗುತ್ತದೆ

ಮಾಪೊ ತೋಫುವಿನಂಥ, ಅಂದರೆ ಖಾರದ ಗಟ್ಟಿರಸದಲ್ಲಿ ತೋಫು ಬೇಯಿಸುವ ಸಿಚುವಾನಿನ ಬಗೆಯ ಅಡುಗೆಯಲ್ಲಿ ಒಲೆಯ ಮೇಲೆ ಸರಿಯಾಗಿದ್ದ ರಸ ಊಟದ ಹೊತ್ತಿಗೆ ನೀರಾಗಲು ಮುಖ್ಯ ಕಾರಣ ತೋಫು ಬಿಟ್ಟುಕೊಳ್ಳುವ ನೀರು. ತೋಫುವನ್ನು ಕತ್ತರಿಸಿ, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕೆಲವು ನಿಮಿಷ ಕುದಿಯದಂತೆ ಇಟ್ಟು ಬಸಿದರೆ ಹೆಚ್ಚಿನ ನೀರು ಮೊದಲೇ ಹೊರಬರುತ್ತದೆ, ತುಂಡುಗಳು ಒಡೆಯುವುದೂ ಕಡಿಮೆಯಾಗುತ್ತದೆ. ಕಾರ್ನ್‌ಫ್ಲೋರ್ ನೀರನ್ನು ಒಂದೇ ಸಲ ಸುರಿಯದೆ ಎರಡು ಮೂರು ಕಂತಿನಲ್ಲಿ ಹಾಕಿ, ಪ್ರತಿ ಕಂತಿನ ನಂತರ ಕುದಿ ಬರಲು ಬಿಡಬೇಕು. ಬಟ್ಟಲಿನಲ್ಲಿ ಪಿಷ್ಟ ಬೇಗನೆ ತಳಕ್ಕಿಳಿಯುವುದರಿಂದ ಹಾಕುವ ಮುನ್ನ ಪ್ರತಿ ಸಲ ಕಲಕಲೇಬೇಕು. ಮೊದಲ ಕಂತು ಏನೂ ಮಾಡದೆ ಕೊನೆಯ ಕಂತು ಗಂಟುಗಂಟಾದರೆ ಕಲಕಿಲ್ಲವೆಂದೇ ತಿಳಿಯಬೇಕು. ಬಾಯಿಗಿಟ್ಟ ಚಮಚವನ್ನು ಮತ್ತೆ ಪಾತ್ರೆಗೆ ಅದ್ದುವುದೂ ರಸವನ್ನು ನೀರಾಗಿಸುತ್ತದೆ, ಎಂಜಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಇರುತ್ತದೆ. ಎಂಜಲು ಮುಸುರೆ ನೋಡುವ ಅಜ್ಜಿಯಂದಿರು ಈ ಒಂದು ದೋಷಕ್ಕೆ ಎಂದೂ ಸಿಕ್ಕಿರಲಾರರು.

ಮಾಪೊ ತೋಫು ಕಹಿಯಾದರೆ ಸಿಚುವಾನ್ ಮೆಣಸು ಸೀದಿದೆ. ಅದು ನಮ್ಮ ಕರಾವಳಿಯ ಜುಮ್ಮನಕಾಯಿಯ, ಅಂದರೆ ಕೊಂಕಣಿ ಮನೆಗಳ ಮೀನುಸಾರಿಗೆ ಬೀಳುವ ತೆಪ್ಪಳದ, ಹತ್ತಿರದ ಬಂಧು. ಎರಡರಲ್ಲೂ ರುಚಿ ಇರುವುದು ಸಿಪ್ಪೆಯಲ್ಲಿ, ಒಳಗಿನ ಕಪ್ಪು ಬೀಜ ಬರೀ ಮರಳು. ಬೀಜ ತೆಗೆದು, ಮಂದ ಉರಿಯಲ್ಲಿ ಪರಿಮಳ ಬರುವಷ್ಟೇ ಹುರಿದು ಪುಡಿಮಾಡಬೇಕು. ಒಂದರ ಬದಲು ಇನ್ನೊಂದನ್ನು ಬಳಸಿದರೆ ಜುಮ್ಮೆನ್ನುವ ಗುಣ ಸಿಗುತ್ತದೆ, ಪರಿಮಳ ಬೇರೆಯಾಗುತ್ತದೆ.

ಸೊಪ್ಪು ಮತ್ತು ಕೋಳಿ

ಬಾಕ್ ಚಾಯ್ ಮೊದಲಾದ ಸೊಪ್ಪುಗಳು ಮಾಸಲು ಬಣ್ಣಕ್ಕೆ ತಿರುಗುವುದು ಮುಚ್ಚಳ ಮುಚ್ಚಿ ಬೇಯಿಸಿದಾಗ ಅಥವಾ ವಿನೆಗರನ್ನು ಬೇಗ ಹಾಕಿದಾಗ, ಏಕೆಂದರೆ ಆಮ್ಲದಲ್ಲಿ ಹಸಿರು ವರ್ಣದ್ರವ್ಯ ತನ್ನ ಮೆಗ್ನೀಸಿಯಮ್ಮನ್ನು ಕಳೆದುಕೊಳ್ಳುತ್ತದೆ. ತೊಳೆದ ಸೊಪ್ಪನ್ನು ಚೆನ್ನಾಗಿ ಕೊಡವಿ, ತೆರೆದ ಬಾಣಲೆಯಲ್ಲಿ ಮಾಡಿದರೆ ಈ ದೋಷ ಬಾರದು. ಕೋಳಿಯ ತುಂಡು ನಾರಾದರೆ ಕತ್ತರಿಸಿದ ದಿಕ್ಕನ್ನು ನೋಡಬೇಕು: ಎಳೆಗಳಿಗೆ ಅಡ್ಡವಾಗಿ ತೆಳುವಾಗಿ ಕತ್ತರಿಸಿ, ಸ್ವಲ್ಪ ಕಾರ್ನ್‌ಫ್ಲೋರ್, ಎಣ್ಣೆ ಮತ್ತು ಒಂದೆರಡು ಚಮಚ ನೀರನ್ನು ಮಾಂಸ ಹೀರಿಕೊಳ್ಳುವವರೆಗೆ ಕಲಸಿಟ್ಟರೆ ಹುರಿದ ಮೇಲೂ ಮೆತ್ತಗಿರುತ್ತದೆ. ಅಡುಗೆ ಸೋಡಾ ಬಳಸುವವರು ಕಾಲು ಕಿಲೋಗೆ ಕಾಲು ಟೀ ಚಮಚ ಮೀರಬಾರದು, ಹದಿನೈದು ನಿಮಿಷದ ನಂತರ ತೊಳೆಯಬೇಕು. ಸೋಪಿನಂಥ ರುಚಿ ಬಂದರೆ ಇವೆರಡರಲ್ಲಿ ಒಂದು ತಪ್ಪಿದೆ.

ಜಪಾನಿ ಅನ್ನ ನಿಲ್ಲುವುದಿಲ್ಲ

ಒನಿಗಿರಿ, ಅಂದರೆ ಕೈಯಲ್ಲಿ ಒತ್ತಿ ಮಾಡುವ ಅನ್ನದ ಉಂಡೆ, ಕೈಯಲ್ಲೇ ಉದುರಿಹೋದರೆ ಮೊದಲು ಅಕ್ಕಿ ಯಾವುದೆಂದು ಕೇಳಬೇಕು. ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟದ ಪ್ರಮಾಣ ಕಡಿಮೆ, ಅದಕ್ಕೇ ಅದರ ಅಗುಳುಗಳು ಒಂದಕ್ಕೊಂದು ಅಂಟುತ್ತವೆ; ಸೋನಾ ಮಸೂರಿ ಮತ್ತು ಬಾಸುಮತಿಯಲ್ಲಿ ಹೆಚ್ಚು. ಈ ವ್ಯತ್ಯಾಸವನ್ನು ನೀರು ಹೆಚ್ಚಿಸಿ ತುಂಬಲಾಗದು, ಸೋನಾ ಮಸೂರಿ ಮುದ್ದೆಯಾದೀತೇ ಹೊರತು ಹಿಡಿದ ಆಕಾರದಲ್ಲಿ ನಿಲ್ಲುವುದಿಲ್ಲ. ಆ ಅಕ್ಕಿ ಸಿಗದಿದ್ದರೆ ಒನಿಗಿರಿಯನ್ನು ಬಿಟ್ಟು, ಬಟ್ಟಲಿನಲ್ಲಿ ಅನ್ನದ ಮೇಲೆ ಪದಾರ್ಥ ಹಾಕಿ ತಿನ್ನುವ ದೊಂಬುರಿಯನ್ನು ಮಾಡುವುದು ವಿವೇಕ. ಅಕ್ಕಿ ಸರಿಯಾದದ್ದೇ ಆಗಿದ್ದು ನಡುವೆ ಗಟ್ಟಿ ಉಳಿದರೆ ನೆನೆಸಿದ್ದು ಸಾಲದು: ತೊಳೆದು ಬೇಸಿಗೆಯಲ್ಲಿ ಅರ್ಧ ಗಂಟೆ, ಚಳಿಯಲ್ಲಿ ಒಂದು ಗಂಟೆ ನೆನೆಯಬೇಕು. ನೀರು ಅಕ್ಕಿಯ ಅಳತೆಯ 1.1ರಿಂದ 1.2 ಪಟ್ಟು ಮಾತ್ರ. ನಮ್ಮ ಕುಕ್ಕರಿನ ಲೆಕ್ಕದಲ್ಲಿ ಎರಡು ಪಟ್ಟು ಸುರಿದರೆ ಅದು ಗಂಜಿಯ ದಾರಿ ಹಿಡಿಯುತ್ತದೆ. ಉರಿ ಆರಿಸಿದ ಮೇಲೆ ಮುಚ್ಚಳ ತೆಗೆಯದೆ ಹತ್ತು ಹದಿನೈದು ನಿಮಿಷ ಬಿಟ್ಟು, ಆಮೇಲೆ ಕೆಳಗಿನಿಂದ ಮೇಲಕ್ಕೆ ಮಗುಚಬೇಕು.

ಸರಿಪಡಿಸಬಾರದ ದೋಷಗಳು

ಓಯಾಕೊದೊನ್ ಎಂಬ ಕೋಳಿ–ಮೊಟ್ಟೆ ಅನ್ನದ ಚಿತ್ರಗಳಲ್ಲಿ ಮೊಟ್ಟೆ ಅರೆಹಸಿಯಾಗಿ ಹರಿಯುತ್ತಿರುತ್ತದೆ, ಮನೆಯಲ್ಲಿ ಮಾಡಿದಾಗ ಹಾಗಿಲ್ಲವೆಂದು ಕೆಲವರು ಕೊರಗುತ್ತಾರೆ. ಜಪಾನಿನಲ್ಲಿ ಮೊಟ್ಟೆಯನ್ನು ಹಸಿಯಾಗಿ ತಿನ್ನುವರೆಂದೇ ಭಾವಿಸಿ ತೊಳೆದು, ಪರೀಕ್ಷಿಸಿ, ಹಸಿಯಾಗಿ ತಿನ್ನಲು ಯೋಗ್ಯವಾದ ಅವಧಿಯನ್ನು ಮುದ್ರಿಸಿ ಮಾರುತ್ತಾರೆ. ನಮ್ಮ ಬೀದಿಯ ಅಂಗಡಿಯ ಮೊಟ್ಟೆಗೆ ಆ ಏರ್ಪಾಡಿಲ್ಲ. ಇಲ್ಲಿ ಮೊಟ್ಟೆ ಪೂರ್ತಿ ಗಟ್ಟಿಯಾಗುವುದೇ ಸರಿ, ಅದರಲ್ಲೂ ಮಕ್ಕಳು, ಬಸುರಿಯರು, ವೃದ್ಧರು ಇರುವ ಮನೆಯಲ್ಲಿ. ಮೊಟ್ಟೆಯನ್ನು ಎರಡು ಕಂತಿನಲ್ಲಿ ಸುರಿದು, ಎರಡನೆಯ ಕಂತಿನ ನಂತರ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಪೂರ್ತಿ ಬೆಂದೂ ಮೃದುವಾಗಿರುತ್ತದೆ.

ಎರಡನೆಯದು ಫ್ರೈಡ್ ರೈಸಿಗೆಂದು ರಾತ್ರಿಯಿಡೀ ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟ ಅನ್ನ. ಬೆಳಿಗ್ಗೆ ಚಿತ್ರಾನ್ನಕ್ಕೆ ಹೀಗೆ ಇಡುವ ರೂಢಿ ನಮ್ಮಲ್ಲಿ ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕಾಗಿದೆ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯದೆ ಉಳಿದು, ಬೆಚ್ಚಗಿನ ಅನ್ನದಲ್ಲಿ ಮೊಳೆತು, ವಾಂತಿ ತರಿಸುವ ವಿಷವನ್ನು ಉಂಟುಮಾಡಬಲ್ಲವು, ಮತ್ತು ಆ ವಿಷ ಬಾಣಲೆಯ ಶಾಖಕ್ಕೆ ನಾಶವಾಗುವುದಿಲ್ಲ. ಅನ್ನವನ್ನು ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿ, ಮಾರನೆಯ ದಿನವೇ ಬಳಸಬೇಕು. ಹೊರಗೇ ಉಳಿದ ಅನ್ನ ಎಷ್ಟೇ ಉದುರುದುರಾಗಿ ಕಂಡರೂ, ವಾಸನೆ ಬಾರದಿದ್ದರೂ, ಅದನ್ನು ಹುರಿಯದೆ ಎಸೆಯಬೇಕು.